ಆರು ತೂತಿನಲ್ಲೂ ಬೆಳಕು

ಗಂಡ ರಿವಾಲ್ವರ್ ಎತ್ತಿ ಮನೆಯ ಗೋಡೆಗೇ ಗುರಿಯಿಟ್ಟು ನಿಂತರೆ ಹೆಂಡತಿ ಏನು ಮಾಡಬೇಕು? ನಾನಂತೂ ಮೊರ ಹಿಡಿದು ಅಕ್ಕಿ ಆರಿಸುತ್ತಿರುತ್ತೇನೆ.

ಗಾಬರಿಯಾಗಬೇಡಿ. ನಮ್ಮ ಯಜಮಾನರು ಹೊಳೆನರಸೀಪುರದಲ್ಲಿ ಸಬ್ ಇನ್‌ಸ್ಪೆಕ್ಟರ್. ಹಾಸನದಲ್ಲಿ ಗುರಿ ಪರೀಕ್ಷೆ ಹತ್ತಿರ ಬಂದಿದೆ. ಹೋದ ವರ್ಷ ಫೇಲಾಗಿದ್ದರು. ಈ ಸಲವೂ ಫೇಲಾದರೆ ಪ್ರಮೋಷನ್ನಿನ ಮಾತೇ ಇಲ್ಲ. ಪ್ರಾಕ್ಟೀಸಿಗೆ ಗುಂಡು ಸುಡಲು ಸರ್ಕಾರ ಕೊಟ್ಟೀತೇ? ಅದಕ್ಕೇ ಗುಂಡಿಲ್ಲದ ಬರೀ ರಿವಾಲ್ವರಿನಲ್ಲಿ ಅಭ್ಯಾಸ.

ಗುಂಡುಗಳೆಲ್ಲ ಡಬ್ಬಿಯಲ್ಲಿ, ಡಬ್ಬಿ ಅಡುಗೆಮನೆಯ ನಾಗಂದಿಗೆಯ ಮೇಲೆ. ರಿವಾಲ್ವರ್ ನಡುಮನೆಯಲ್ಲಿ. ಅದನ್ನು ಬಾಗಿಸಿ ತೆರೆದು ನನಗೆ ತೋರಿಸಬೇಕು. ಆರು ತೂತಿನಲ್ಲೂ ಬೆಳಕು ಕಂಡರೆ ನಾನು "ಹೂಂ" ಅನ್ನಬೇಕು. ಆಮೇಲೆ ಗೋಡೆಯ ಮೇಲಿನ ಇದ್ದಲಿನ ಚುಕ್ಕೆಗೆ ಗುರಿ. ನಳಿಗೆಯ ಮೇಲೆ ಎಂಟಾಣೆ ಇಡುತ್ತಾರೆ. (ನಯಾ ಪೈಸೆ ಬಂದರೂ ನಮ್ಮ ಬಾಯಲ್ಲಿ ಇನ್ನೂ ಎಂಟಾಣೆಯೇ!) ಟ್ರಿಗರ್ ಒತ್ತಿದರೆ ಟಿಕ್ ಅನ್ನಬೇಕು, ಕಾಸು ಬೀಳಬಾರದು. ಕೈ ನಡುಗದಿರಲಿ ಅಂತ ಈ ಸಾಧನೆ.

ಹೋದ ವಾರ ಆಯುಧಪೂಜೆ ಆಯಿತಲ್ಲ. ಈಳಿಗೆಮಣೆ, ಕುಡುಗೋಲು, ಸೈಕಲ್ಲು, ಎಲ್ಲದರ ಜೊತೆ ರಿವಾಲ್ವರಿಗೂ ಅರಿಶಿನ ಕುಂಕುಮ. ಗುಂಡಿನ ಡಬ್ಬಿಯೂ ಪಕ್ಕದಲ್ಲೇ ಇತ್ತು. ಮಾರನೆಯ ದಿನ ಡಬ್ಬಿ ನಾಗಂದಿಗೆ ಸೇರಿತು. ಯಜಮಾನರು ರಿವಾಲ್ವರ್ ಎತ್ತಿಕೊಂಡವರೇ ಚುಕ್ಕೆಯ ಕಡೆ ತಿರುಗಿದರು.

"ತೋರಿಸಲಿಲ್ವಲ್ಲ" ಎಂದೆ.

"ಪೂಜೆಗೆ ಮುಂಚೆ ತೋರಿಸಿದ್ನಲ್ಲೇ. ದೇವರ ಮುಂದೆ ಇದ್ದದ್ದನ್ನ ಯಾವ ಕಳ್ಳ ಬಂದು ಮುಟ್ತಾನೆ?"

"ಕಳ್ಳನ ವಿಚಾರ ನಿಮಗೆ ಸೇರಿದ್ದು. ನನಗೆ ಬೆಳಕು ತೋರಿಸಿ."

"ಇನ್‌ಸ್ಪೆಕ್ಟರ್ ನೀನೋ ನಾನೋ?" ಅಂತ ಗೊಣಗುತ್ತಲೇ ತೆರೆದರು.

ಐದು ತೂತಿನಲ್ಲಿ ಬೆಳಕಿತ್ತು. ಆರನೆಯದರಲ್ಲಿ ಗುಂಡು. ಅದರ ಬೆನ್ನಿಗೆ ಕುಂಕುಮದ ಬೊಟ್ಟು!

ಯಜಮಾನರು ಥಟ್ಟನೆ ಗುಂಡನ್ನು ಹೊರತೆಗೆದರು. ಒಳಗಿನಿಂದ ಬಂದ ನಮ್ಮತ್ತೆ ಮಾತ್ರ ನಿರಾಳವಾಗಿಯೇ ಹೇಳಿದರು. ಅವರು ಮಲ್ಲಿಪಟ್ಟಣದ ಕಡೆಯವರು, ಮಾತೂ ಆ ಕಡೆಯದೇ. "ನಾನೇ ಮಡಗಿದ್ದು ಕಣಪ್ಪ. ದ್ಯಾವ್ರ ಮುಂದೆ ಯಾವುದ್ನೂ ಬರಿದಾಗಿ ಮಡಗ್‌ಬಾರ್ದು. ಒಂದಾದ್ರೂ ಇರ್ಲಿ ಅಂತ ಆಕ್ದೆ. ನೀನು ದಿನಾ ಬಗ್ಸಿ ತಗಿಯಾದ ನೋಡಿವ್ನಲ್ಲ!"

ಬೈಯುವುದು ಹೇಗೆ? ಬೀಗರ ಮನೆಯ ಪಾತ್ರೆಯನ್ನು ಹಿಂದಿರುಗಿಸುವಾಗ ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುವ ಕೈ ಅದು. ಮಗನ ಆಯುಧವನ್ನು ಬರಿದಾಗಿ ಬಿಟ್ಟೀತೇ?

ನಾವು ಹೆದರುವುದೆಲ್ಲ ಕೆಟ್ಟವರಿಗೆ. ಪ್ರೀತಿಯಿಂದ ಮಾಡಿದ್ದನ್ನು ತೆರೆದು ನೋಡಬೇಕು ಅಂತ ನಮಗೆ ಹೊಳೆಯುವುದೇ ಇಲ್ಲ. ನೋಡಿದರೆ ಅನುಮಾನಪಟ್ಟಂತೆ ಅನ್ನುವ ಸಂಕೋಚ ಬೇರೆ. ಆವತ್ತು ನಾನು ಸಂಕೋಚಪಟ್ಟಿದ್ದರೆ?

ಆ ಗೋಡೆ ನಮ್ಮದಷ್ಟೇ ಅಲ್ಲ. ಆಚೆ ಮೇಷ್ಟ್ರ ಮನೆ. ಎರಡು ಮನೆಗೂ ನಡುವೆ ಅದೊಂದೇ ತೆಳ್ಳನೆಯ ಗೋಡೆ. ಯಜಮಾನರು ಅಂದೇ ಚುಕ್ಕೆ ಅಳಿಸಿದರು. ಈಗ ಹಿತ್ತಲಿನ ಮಣ್ಣುದಿಬ್ಬಕ್ಕೆ ಗುರಿ. ಬೆಳಕು ನೋಡುವವರಲ್ಲಿ ಅತ್ತೆಯೂ ಒಬ್ಬರು. ಕಣ್ಣು ಕಿರಿದು ಮಾಡಿ ಒಂದೊಂದೇ ತೂತು ನೋಡಿ, "ಬರಿದಾಗೇ ಅದೆ, ಒಡ್ಕೊ ಓಗು" ಅಂತ ಅಪ್ಪಣೆ ಕೊಡುತ್ತಾರೆ.

"ಏನೂ ಆಗಲಿಲ್ವಲ್ಲ, ಪಕ್ಕದ ಮನೆಯವರಿಗೆ ಹೇಳಿ ಯಾಕೆ ಹೆದರಿಸೋದು?" ಎಂದರು ಯಜಮಾನರು. ನಾನೂ ಒಪ್ಪಿದೆ.

ಆದರೆ ನೆನ್ನೆ ಮೇಷ್ಟ್ರ ಹೆಂಡತಿ ಸರಸಮ್ಮ ಹಾಲಿಗೆ ಹೆಪ್ಪು ಕೇಳಲು ಬಂದವರು, "ನಿಮ್ಮನೆ ಟಿಕ್ ಟಿಕ್ ನಿಂತೇ ಹೋಯ್ತಲ್ರೀ! ಪಾಪು ಅದನ್ನ ಕೇಳ್ಕೊಂಡೇ ನಿದ್ದೆ ಮಾಡ್ತಿದ್ದ. ಗೋಡೆ ಪಕ್ಕಾನೇ ತೊಟ್ಟಿಲು ನೋಡಿ" ಎಂದು ನಕ್ಕರು.

ನನಗೆ ನಗಲಾಗಲಿಲ್ಲ. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.

ಸರಸಮ್ಮ ಹೆಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ತೊಟ್ಟಿಲನ್ನು ಎಳೆಯುವ ಸದ್ದು ಕೇಳಿಸಿತು.

ಬರಿದಾಗಿದೆ ಎಂದು ನಮಗೆ ಗೊತ್ತಿದ್ದರೆ ಸಾಕೇ, ಗುರಿಯಿಡುವ ಮುಂಚೆ ಗೋಡೆಯಾಚೆಯವರನ್ನು ಒಂದು ಮಾತು ಕೇಳಬೇಡವೇ?