ಕಟ್ಟದೆ ಬಿಟ್ಟ ಕಣ್ಣು

ನೀಲಾ, ನಿನ್ನ ಕೈ ಮೊಂಡಲ್ಲ. ನಾನು ನಿನಗೆ ನೇಯ್ಗೆಯನ್ನು ಪೂರ್ತಿ ಕಲಿಸಲೇ ಇಲ್ಲ. ಕಲಿಸಿದೆ ಎಂದು ಅತ್ತೆಗೆ ಹೇಳಿದ್ದು ಸುಳ್ಳು — ಬೇಕೆಂದೇ ಹೇಳಿದ ಸುಳ್ಳು.

ಇಷ್ಟು ಬರೆಯುವಷ್ಟರಲ್ಲಿ ಹಾಳೆಯ ಮೇಲೆ ಹಾಳೆ ಹರಿದು ಹಾಕಿದ್ದೇನೆ. ನಿನಗೆ ಈಗ ಅಕ್ಷರ ಕಾಣುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನನ್ನ ಧೈರ್ಯ ಎಷ್ಟರದು ನೋಡು!

ನೀನು ಮಕ್ತಲ್‌ನಿಂದ ನಾರಾಯಣಪೇಟೆಯ ನಮ್ಮ ಮನೆಗೆ, ನನ್ನ ಮೈದುನನ ಹೆಂಡತಿಯಾಗಿ ಬಂದದ್ದು ತೆಲಂಗಾಣ ಹೋರಾಟಕ್ಕೆ ಬಸ್ಸುಗಳು ನಿಂತಿದ್ದ ಕಾಲದಲ್ಲಿ. ತವರಿಗೆ ಹೋಗಲಾರದೆ ಮಗ್ಗದ ಪಕ್ಕದಲ್ಲೇ ಕೂತುಬಿಟ್ಟೆ. ಹಗ್ಗ ಎಳೆದು ಲಾಳಿ ಓಡಿಸುವುದು ನಿನಗೆ ಎಷ್ಟು ಬೇಗ ಒಲಿಯಿತು! ಸೊಂಟ ಮುರಿದುಕೊಂಡು ಒಳಕೋಣೆಯಲ್ಲಿ ಮಲಗಿದ್ದ ಅತ್ತೆ ಬರೀ ಸದ್ದು ಕೇಳಿಯೇ ನನ್ನನ್ನು ಒಳಗೆ ಕರೆದು ಹೇಳಿದರು: "ಯಾರದವ್ವ ಆ ಕೈ? ನೀರು ಹರದಂಗ ಐತಿ. ಅಕಿ ಕಣ್ಣು ಕಟ್ಟು ಇನ್ನ."

ನಾನು ನಿನಗೆ ಹೇಳದೇ ಬಿಟ್ಟ ನಮ್ಮ ಮನೆಯ ಪದ್ಧತಿ ಅದು. ಕೈ ಅಷ್ಟಿಷ್ಟು ಕುದುರಿದ ಮೇಲೆ ಕಲಿಯುವವಳ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟುತ್ತಿದ್ದರು. ಲಾಳಿ ಆಚೆ ಬದಿಗೆ ಬಡಿದ ಸದ್ದಿಗೆ ಪಾದ ಮಗ್ಗದ ತುಳಿಹಲಗೆಯ ಮೇಲೆ ತಾನೇ ಇಳಿಯಬೇಕು, ಎಳೆ ಬಿಗಿಯಾದದ್ದು ಬೆರಳಿಗೇ ತಿಳಿಯಬೇಕು. ನನಗೂ ಕಟ್ಟಿದ್ದರು. ಎಳೆ ಹರಿದೂ ಹರಿದೂ ಬಟ್ಟೆಯೊಳಗೇ ಅತ್ತಿದ್ದೇನೆ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕಾಲು ನನ್ನನ್ನು ಕೇಳದೆ ತನ್ನಷ್ಟಕ್ಕೆ ಕೆಲಸ ಮಾಡತೊಡಗಿತು. ಹೇಗೆ ಅಂತ ಕೇಳಿದರೆ ಇವತ್ತಿಗೂ ಹೇಳಲು ಬರುವುದಿಲ್ಲ.

ಅದೇ ನಿನಗೂ ಆಗುತ್ತದೆ, ನನಗಿಂತ ಬೇಗ ಆಗುತ್ತದೆ — ಅದು ನನಗೆ ಗೊತ್ತಿತ್ತು. ಮನೆಯ ಎರಡು ಮಗ್ಗಗಳಲ್ಲಿ ರೇಷ್ಮೆ ಅಂಚಿನ ಸೀರೆಯದು ಒಂದೇ. ಅತ್ತೆಯ ನಂತರ ಅದು ನನ್ನದು ಅಂದುಕೊಂಡಿದ್ದೆ. ನೀನು ಕಣ್ಣರಳಿಸಿ ಕೂತಿದ್ದೆ. ನಾನು ಕಣ್ಣಿಗೆ ಕಟ್ಟುವ ಬಟ್ಟೆಯನ್ನು ಮಡಚಿ ಬುಟ್ಟಿಗೆ ಹಾಕಿ ಹೇಳಿದೆ: "ಲಾಳಿ ಮ್ಯಾಲಿಂದ ಕಣ್ಣು ತೆಗೀಬ್ಯಾಡ. ನೋಡಿಕೋಂತ ನೇಯಬೇಕು. ಕಣ್ಣು ತೆಗದ್ರ ಎಳಿ ಹರಿತಾವ."

ಒಳಗೆ ಹೋಗಿ, "ಕಟ್ಟೀನ್ರೀ ಅತ್ತಿ, ಕಲೀಲಿಕತ್ತಾಳ," ಅಂದೆ.

ನಾನು ಹೇಳಿದ್ದನ್ನು ನೀನು ಕೇಳುವವಳು. ನೀನು ಲಾಳಿಯನ್ನೇ ನೋಡುತ್ತ ನೇಯ್ದೆ. ಕತ್ತು ಆಚೆ ಈಚೆ ತಿರುಗಿಸುತ್ತ, ಪ್ರತಿ ಸಲ ಲಾಳಿ ಮುಟ್ಟಿತೇ ಎಂದು ಕಂಡ ಮೇಲೇ ಕಾಲು ಒತ್ತುತ್ತಿದ್ದೆ. ಹರಿಯುತ್ತಿದ್ದ ಕೈ ತಡವರಿಸತೊಡಗಿತು. ಸರಿಪಡಿಸಬಹುದಿತ್ತು, ಆ ತಿಂಗಳಲ್ಲೇ — ಆದರೆ ನೀನು ಎಡವಿದಷ್ಟೂ ನನಗೆ ಅನ್ನ ರುಚಿಸುತ್ತಿತ್ತು. ನೋಡಿ ನೇಯುವ ಅಭ್ಯಾಸ ನಿನ್ನ ಮೈಯಲ್ಲಿ ಬೇರು ಬಿಟ್ಟಿತು.

ಅತ್ತೆ ತೀರಿಕೊಂಡರು. ತೆಲಂಗಾಣ ರಾಜ್ಯ ಬಂತು, ಊರೆಲ್ಲ ಗುಲಾಲು. ಅದೇ ಹುರುಪಿನಲ್ಲಿ ಗದ್ವಾಲದ ಸೀರೆ ಸಾಹುಕಾರರು ರೇಷ್ಮೆಯ ಕೆಲಸ ನಮ್ಮಿಬ್ಬರಲ್ಲಿ ಯಾರಿಗೆ ಕೊಡುವುದೆಂದು ನೋಡಲು ಬಂದರು. ಇಬ್ಬರೂ ನೇಯುತ್ತಿದ್ದಾಗ ಕರೆಂಟು ಹೋಯಿತು. ಕಿಟಕಿಯಿಲ್ಲದ ಕೋಣೆ. ನನ್ನ ಮಗ್ಗ ನಡೆಯುತ್ತಲೇ ಇತ್ತು. ನಿನ್ನದು ನಿಂತಿತು.

"ಈಯಮ್ಮ ಕಣ್ಣಿಲೆ ನೇಯ್ತಾಳ. ರೇಷ್ಮಿ ಇಕಿ ಕೈಲಾಗ ಆಗಂಗಿಲ್ಲ," ಅಂದರು ಅವರು.

ಕತ್ತಲಲ್ಲಿ ನಿನ್ನ ದನಿ: "ಅಕ್ಕ ಭಾಳ ಕಲಿಸಿದ್ಳು ರೀ. ನನಗಽ ಬರಲಿಲ್ಲ."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಂದಿನಿಂದ ನಾನು ನೇಯುವವಳು, ನೀನು ನನಗೆ ನೂಲು ಸುತ್ತಿಕೊಡುವವಳು. ನಿನ್ನ ಮಗ್ಗದ ಮೇಲೆ ಆಗೀಗ ಸಾದಾ ಹತ್ತಿ ಸೀರೆ, ಅಷ್ಟೇ.

ಈಗ ಸಕ್ಕರೆ ಕಾಯಿಲೆ ನಿನ್ನ ಕಣ್ಣು ತಿಂದು ಅದನ್ನೂ ನಿಲ್ಲಿಸಿದೆ. ಮೊನ್ನೆ ಗೋಡೆ ಹಿಡಿದುಕೊಂಡು ಬಂದು ಕೇಳಿದೆಯಲ್ಲ, "ಅಕ್ಕಾ, ಕಣ್ಣಿಲ್ದ ನೇಯಾಕ ಬರತೈತೇನ್ರೀ? ಅತ್ತಿ ಕತ್ತಲ್ದಾಗೂ ನೇಯ್ತಿದ್ರಂತ..."

"ಈಗ್ಯಾಕ ಬೇ ಅದೆಲ್ಲ, ಬಿಡು," ಅಂದೆ ನಾನು. ಮತ್ತೆ ಮುಚ್ಚಿಟ್ಟೆ! ನೀನು ಅಂಗೈಯಿಂದ ನಿನ್ನ ಮಗ್ಗದ ಧೂಳು ಒರೆಸಿ, ದಾರಿ ತಡವುತ್ತ ಹೋದೆ. ಅಂದು ಆ ಬಟ್ಟೆ ಕಟ್ಟಿದ್ದರೆ ಇಂದು ನಿನ್ನ ಕೈಕಾಲಿಗೆ ಕಣ್ಣಿನ ಹಂಗೇ ಇರುತ್ತಿರಲಿಲ್ಲ. ಆಗಿನಿಂದ ಮಗ್ಗಕ್ಕೆ ಕೂತರೆ ನನ್ನ ಕಾಲು ತಾನಾಗಿ ಇಳಿಯುತ್ತದೆ, ನನಗೆ ಅಸಹ್ಯವಾಗುತ್ತದೆ.

ಇಷ್ಟು ವರ್ಷ ಕಣ್ಣನ್ನೇ ನಂಬಿದ ಮೈ ಈಗ ಕಿವಿಯ ಮಾತು ಕೇಳುತ್ತದೋ ಇಲ್ಲವೋ — ಗೊತ್ತಿಲ್ಲ. ನಾಳೆ ಬೆಳಿಗ್ಗೆ ನಿನ್ನ ಕೈ ಹಿಡಿದು ಮಗ್ಗದ ಮುಂದೆ ಕೂರಿಸುತ್ತೇನೆ. ನಿನ್ನ ಪಾದದ ಮೇಲೆ ನನ್ನ ಪಾದ ಇಡುತ್ತೇನೆ, ನೀನು ಒಪ್ಪಿದರೆ. ಆದರೆ ಅದಕ್ಕೂ ಮೊದಲು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಹೇಳದೆ ಕಲಿಸಿದರೆ ನಾನು ಮತ್ತೆ ಒಳ್ಳೆಯವಳಾಗಿಬಿಡುತ್ತೇನೆ, ನೀನು ಮತ್ತೆ ನನಗೆ ಕೈ ಮುಗಿಯುತ್ತೀಯೆ.