ಹೊರಗಿನಿಂದ ಹಾಕಿದ ಚಿಲಕ

ಜೋಯಿಡಾದಲ್ಲಿ ನೆಂಟರ ಮನೆಯ ತೊಟ್ಟಿಲು ಕಾರ್ಯ ಮುಗಿಸಿಕೊಂಡು ನಾನೂ ನನ್ನ ಅಕ್ಕನೂ ಹಳಿಯಾಳಕ್ಕೆ ಮರಳುತ್ತಿದ್ದೆವು. ಮಳೆಗಾಲದ ಮಧ್ಯಾಹ್ನ. ದಾಂಡೇಲಿ ತಲುಪುವ ಮೊದಲೇ ಕಾಡಿನ ನಡುವೆ ಬಸ್ಸು ಕೆಟ್ಟು ನಿಂತಿತು. ಕಂಡಕ್ಟರನೂ ಉಳಿದ ಪ್ರಯಾಣಿಕರೂ ಹಿಂದೆ ಬಂದ ಟೆಂಪೊ ಹತ್ತಿದರು. ವಾಂತಿಯಿಂದ ಸುಸ್ತಾಗಿದ್ದ ಅಕ್ಕನಿಗೆ ಆ ನೂಕುನುಗ್ಗಲಿನಲ್ಲಿ ನಿಲ್ಲಲಾಗುವುದಿಲ್ಲವೆಂದು ನಾವು ಉಳಿದೆವು.

"ಬ್ಯಾರೆ ಬಸ್ ಬರತೈತಿ. ತಿರುವಿನ್ಯಾಗ ಚಹಾದಂಗಡಿ ಐತಿ, ಅಲ್ಲಿ ಕುಂತಿರ್ರಿ. ಬಂದ ಕೂಡ್ಲೆ ಹಾರ್ನ್ ಹೊಡೀತೇನಿ," ಎಂದ ಡ್ರೈವರ್.

ಅಂಗಡಿ ಎಂದರೆ ತಗಡಿನ ಮಾಡು, ಎರಡು ಬೆಂಚು, ಹಿಂದೆ ಹಲಗೆ ಹೊಡೆದ ಒಂದು ಕೋಣೆ. ಐವತ್ತರ ಆಸುಪಾಸಿನ ಮಾಲೀಕ ನಮ್ಮನ್ನು ನೋಡಿ ನಗಲಿಲ್ಲ. ಒಲೆಗೆ ಪಾತ್ರೆ ಇಡುತ್ತ ಕೇಳಿದ, "ನಿಮ್ಮ ಜೋಡಿ ಗಂಡಸರು ಯಾರೂ ಬಂದಿಲ್ಲೇನ್ರಿ?"

"ಹಿಂದ ಬರಾಕತ್ತಾರ," ಎಂದಳು ಅಕ್ಕ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದೇ ಕಡಿಮೆ.

ಕೋಣೆಯೊಳಗೆ ಏನೋ ಬಿದ್ದ ಸದ್ದಾಯಿತು. ಅವನು ಎದ್ದು ರೇಡಿಯೊ ಜೋರು ಮಾಡಿದ. "ಇಲಿ," ಎಂದ, ನಾವು ಕೇಳದಿದ್ದರೂ. ಚಹಾ ಕೊಟ್ಟು, ಕಟ್ಟಿಗೆ ತರಲು ಹಿತ್ತಲಿಗೆ ಹೋದ.

ಆಗ ನನ್ನ ಬೆನ್ನಿಗೆ ತಾಗಿದ್ದ ಹಲಗೆಯ ಸಂದಿಯಿಂದ ಪಿಸುಮಾತು ಬಂತು. "ಅಕ್ಕಾರ, ಚಿಲಕಾ ಹೊರಗ ಐತ್ರಿ. ತಗೀರಿ."

ನಾನು ಹಿತ್ತಲಿನತ್ತ ನೋಡುತ್ತ ಕುಳಿತೇ ಇದ್ದೆ. ನಿಲ್ಲಲೂ ಆಗದಿದ್ದ ಅಕ್ಕ ಎದ್ದು ಹೋಗಿ ಚಿಲಕ ಸರಿಸಿದಳು. ಹರಿದ ನೈಟಿಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬಳು ಬರಿಗಾಲಲ್ಲಿ ಹೊರಬಂದಳು. ನನಗಿಂತ ಚಿಕ್ಕವಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನ ತೋಳು ಹಿಡಿದಳು. ಆ ಬೆರಳುಗಳು ಒದ್ದೆ ಕಡ್ಡಿಗಳಂತಿದ್ದವು.

"ಓಡಬ್ಯಾಡ್ರಿ. ಓಡಿದ್ರ ಕೇಳತೈತಿ," ಎಂದಳು ಅಕ್ಕ.

ಮೂವರೂ ಬಸ್ಸಿನ ಕಡೆಗೆ ನಡೆದೆವು. ಅಂಗಡಿ ದಾಟಿ ಸ್ವಲ್ಪ ದೂರ ಬಂದಿರಬೇಕು, ಹಿಂದಿನಿಂದ ಅವನ ದನಿ ಬಂತು. ಕೂಗಲಿಲ್ಲ, ಗಿರಾಕಿಗಳೊಂದಿಗೆ ಮಾತಾಡುವ ಹಾಗೆಯೇ ಹೇಳಿದ. "ಚಹಾ ಬಿಟ್ಟ ಹೊಂಟ್ರಲ್ರಿ."

ನಾನು ತಿರುಗಿ ನೋಡಿದೆ. ಕಟ್ಟಿಗೆ ಸೀಳುವ ಕೊಡಲಿ ಅವನ ಕೈಯಲ್ಲೇ ಇತ್ತು. ಅವನೂ ಓಡುತ್ತಿರಲಿಲ್ಲ. ನಾವು ಬೇಗ ನಡೆದರೆ ಅವನೂ ಬೇಗ, ನಿಧಾನಿಸಿದರೆ ಅವನೂ ನಿಧಾನ. ಅಷ್ಟು ಭಯ ನನಗೆ ಜೀವನದಲ್ಲಿ ಇನ್ನೆಂದೂ ಆಗಿಲ್ಲ. ಅಕ್ಕನೇ ಡ್ರೈವರನನ್ನು ಕೂಗಿದಳು.

ಡ್ರೈವರ್ ಬೋಲ್ಟು ಬಿಚ್ಚುತ್ತಿದ್ದ ಪಾನಾ ಹಿಡಿದೇ ಎದುರು ಬಂದ. ಅಂಗಡಿಯವನು ರಸ್ತೆಯ ಅಂಚಿನಲ್ಲಿ ನಿಂತು ಹೇಳಿದ, "ಅಕಿ ನನ್ನ ಹೇಣ್ತಿ. ತಲಿ ಸರಿ ಇಲ್ಲ. ಕಳಸ್ರಿ."

ಡ್ರೈವರ್ ಗೊಂದಲದಿಂದ ನಮ್ಮ ಮುಖ ನೋಡಿದ. ಒಂದು ಕ್ಷಣ ನನಗೂ ಅನುಮಾನವಾಯಿತು, ಅದು ನಿಜವಿದ್ದರೆ?

"ನಾ ಇಂವನ ಹೇಣ್ತಿ ಅಲ್ಲ," ಎಂದಳು ಅವಳು. "ನಮ್ಮಕ್ಕ ಇಂವನ ಹೇಣ್ತಿ ಇದ್ಲು. ಅಕಿನ್ನ ಹುಡುಕ್ಕೊಂಡ ಬಂದೆ."

'ಇದ್ಲು' ಎಂಬ ಮಾತು ಕೇಳಿದ್ದೇ ತಡ, ಡ್ರೈವರ್ ನಮ್ಮನ್ನು ಬಸ್ಸಿಗೆ ಹತ್ತಿಸಿ ಬಾಗಿಲು ಹಾಕಿ, ಹಾರ್ನ್ ಒತ್ತಿ ಹಿಡಿದ. ಲಾರಿಯೊಂದು ಬಂದು ನಿಲ್ಲುವವರೆಗೂ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಅಂಗಡಿಯವನು ಗಿಡಗಳ ನಡುವೆ ಇಳಿದುಹೋಗಿದ್ದ.

ದಾಂಡೇಲಿಯಲ್ಲಿ ಪೊಲೀಸರಿಗೆ ಎಲ್ಲ ಹೇಳಿದೆವು. ಕೆಲವು ದಿನಗಳಲ್ಲಿ ಅವನು ಸಿಕ್ಕಿಬಿದ್ದ. ಅಂಗಡಿಯ ಹಿತ್ತಲನ್ನು ಅಗೆದಾಗ ಅವಳ ಅಕ್ಕನೂ ಸಿಕ್ಕಳು. ಗುರುತು ಹಿಡಿಯಲು ಅವಳನ್ನೇ ಕರೆಸಿದ್ದರು. ಈಗ ಅವಳು ತೇರಗಾಂವದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ನಾವು ನೋಡಲು ಹೋದಾಗ ಊಟಕ್ಕೆ ಬಡಿಸಿದಳು, ನಮ್ಮ ಮಕ್ಕಳ ಬಗ್ಗೆ ಕೇಳಿದಳು. ಆ ಮನೆಯ ಒಳಕೋಣೆಗಳ ಬಾಗಿಲುಗಳನ್ನೆಲ್ಲ ಅಣ್ಣ ಕಿತ್ತು ತೆಗೆದಿದ್ದ. ಬಾಗಿಲಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲವಂತೆ.