ಸದ್ದು ನೋಡುವ ಮಣೆ

ಸದ್ದು ಎನ್ನುವುದು ಶಬ್ದದಿಂದ ಹುಟ್ಟಿದ ಮಾತು. ಗ್ರಂಥದೊಳಗೆ ಅಂಚು ಮೊನೆ ಇಟ್ಟುಕೊಂಡು ಕೂತಿದ್ದ ಶಬ್ದ, ಜನರ ಬಾಯಲ್ಲಿ ಪೆಟ್ಟು ತಿಂದು ತಿಂದು ನುಣುಪಾಗಿ ಸದ್ದಾಯಿತು. ಆ ಪೆಟ್ಟಿನಲ್ಲಿ ಒಂದು ಅರ್ಥ ಉದುರಿಹೋಯಿತು. ಶಬ್ದವೆಂದರೆ ಆಡಿದ ಮಾತೂ ಹೌದು, ಬರೀ ಸಪ್ಪಳವೂ ಹೌದು. ಸದ್ದಿನಲ್ಲಿ ಸಪ್ಪಳವಷ್ಟೇ ಉಳಿಯಿತು. ಇದನ್ನು ನನಗೆ ಯಾವ ಪಂಡಿತನೂ ಹೇಳಿಕೊಡಲಿಲ್ಲ, ನಿಘಂಟು ಮಗುಚಿ ನಾನೇ ಕಂಡುಕೊಂಡೆ. ಅದು ಮನಸ್ಸಿಗೆ ಇಳಿದದ್ದು ಮಾತ್ರ ಎದುರು ಮನೆಯ ಕಂಚುಗಾರನ ಗತಿ ನೋಡಿದ ಮೇಲೆ. ಬೀದಿಗೆಲ್ಲ ಅವನು ದೊಡ್ಡಣ್ಣ.

ಅವರ ಮನೆಯ ಹಿಂದೆ ಕುಲುಮೆ, ಮುಂದೆ ಬಾಗಿಲ ಬಳಿ ಒಂದು ಮಣೆ. ಕಾಸಿ ಬಡಿದ ಬಟ್ಟಲು ಯಾವುದೇ ಇರಲಿ, ಮಣೆಯ ಮೇಲೆ ಕೂತ ಮನೆಯ ಹಿರಿಯನು ಮರದ ಕೊಡತಿಯಿಂದ ತಟ್ಟಿ ‘ಸದ್ದಿದೆ’ ಎಂದ ಮೇಲೇ ಹೊಸ್ತಿಲು ದಾಟಬೇಕು. ‘ಸದ್ದಿಲ್ಲ’ ಎಂದರೆ ಎಲ್ಲೋ ಕೂದಲೆಳೆಯ ಬಿರುಕು. ಬಟ್ಟಲು ಮತ್ತೆ ಕುಲುಮೆಗೆ. ತಂದೆ ಸತ್ತಂದಿನಿಂದ ಆ ಮಣೆ ದೊಡ್ಡಣ್ಣನದು. ಮಕ್ಕಳುಮರಿ ಇಲ್ಲದ ಅವನಿಗೆ ಇದ್ದ ಗತ್ತೆಲ್ಲ ಆ ಮಣೆಯದೇ.

ಬಡಿತದ ನಡುವೆಯೇ ಬಾಳಿದ ಕಿವಿ ಕೊನೆಗೆ ಕೈಕೊಟ್ಟಿತು.

“ನಾನು ಬೈಯೋದು ಕೇಳ್ಬಾರ್ದು ಅಂತ್ಲೇ ಕಿವುಡಾಗಿದೀರ” ಎಂದು ಹೆಂಡತಿ ಕೂಗಿದಳು.

ಅವನು ಅವಳ ತುಟಿ ನೋಡಿ, “ಅಷ್ಟು ಪುಣ್ಯ ನಾನೆಲ್ಲಿ ಮಾಡಿದ್ದೆ? ನಿನ್ನ ಬೈಗುಳ ಮುಖದಲ್ಲೇ ಕಾಣುತ್ತಲ್ಲ” ಎಂದ.

ಆದರೂ ಮಣೆ ಬಿಡಲಿಲ್ಲ. ತಟ್ಟಿದೊಡನೆ ಅಂಚಿಗೆ ಹೆಬ್ಬೆರಳು ತಾಗಿಸುತ್ತಿದ್ದ. ಒಳ್ಳೆಯ ಬಟ್ಟಲು ಬಹಳ ಹೊತ್ತು ನಡುಗುತ್ತದೆ, ಬಿರುಕಿನದು ತಟಕ್ಕನೆ ಸಾಯುತ್ತದೆ. ಈ ಗುಟ್ಟು ಹೆಂಡತಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಹೇಳಿದರೆ ಕಿವಿ ಹೋದದ್ದನ್ನು ಒಪ್ಪಿಕೊಂಡಂತಾಗುತ್ತದಲ್ಲ!

ಆದರೆ ಕಿವಿ ಹೋದದ್ದು ಹಿಂದೆ ಕುಲುಮೆ ನೋಡಿಕೊಳ್ಳುತ್ತಿದ್ದ ಅವನ ತಮ್ಮನಿಗೆ ಗೊತ್ತೇ ಇತ್ತು. ಅವನು ಒಳಗೇ ಅವಸರದಲ್ಲಿ ತಟ್ಟಿ ನೋಡಿ, ಆಮೇಲೆ ಬಟ್ಟಲುಗಳನ್ನು ಅಣ್ಣನ ಮುಂದೆ ತಂದಿಡುತ್ತಿದ್ದ. ಗಿರಾಕಿಗಳಿಗೆ ಆ ಮಣೆಯ ಮೇಲೆ ನಂಬಿಕೆ. ಅವರ ಸಮಾಧಾನಕ್ಕೆ ಅದೊಂದು ಆಟ.

ಒಂದು ದಿನ ನಾನು ಅಲ್ಲೇ ಕೂತಿದ್ದೆ. ದೊಡ್ಡಣ್ಣ ಒಂದು ಬಟ್ಟಲನ್ನು ಪಕ್ಕಕ್ಕಿಟ್ಟ. ತಮ್ಮ ಅದನ್ನೆತ್ತಿ ಮತ್ತೆ ಒಳ್ಳೆಯವುಗಳ ಸಾಲಿಗೆ ಸೇರಿಸಿದ.

“ಲೋ, ಸದ್ದಿಲ್ಲ ಅಂದ್ನಲ್ಲೋ!”

ತಮ್ಮ ನನ್ನ ಕಡೆ ತಿರುಗಿ ನಕ್ಕ. “ಇವನಿಗೆ ಸಿಡಿಲು ಬಡಿದ್ರೂ ಸದ್ದಿಲ್ಲ.”

ಆ ಬಟ್ಟಲು ಸೋರಿತು. ಕೊಂಡಿದ್ದ ಹೋಟೆಲಿನವನು ಅದನ್ನು ಹಿಡಿದು ಬಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ತಮ್ಮ ಕೈಮುಗಿದ.

“ತಪ್ಪಾಯ್ತು ಯಜಮಾನ್ರೇ. ಅಣ್ಣನಿಗೆ ಕಿವಿ ಕೇಳಲ್ಲ, ಹಿರಿಯರು ಅಂತ ಕೂರಿಸಿದ್ವಿ. ನಾಳೆಯಿಂದ ನಾನೇ ಕೂರ್ತೀನಿ.”

ತಮ್ಮನ ತುಟಿಯನ್ನೇ ನೋಡುತ್ತಿದ್ದ ದೊಡ್ಡಣ್ಣ, “ನಾನು ಬೇಡ ಅಂದ ಬಟ್ಟಲು ಕಣೋ ಅದು!” ಎಂದು ಕಿರುಚಿದ. ಯಾರೂ ತಿರುಗಿ ನೋಡಲಿಲ್ಲ. ನಾನು ಬಾಯಿ ಹಾಕಿದ್ದಕ್ಕೆ, “ನಮ್ಮನೆ ವಿಷಯ, ನೀವು ಸುಮ್ನಿರಿ” ಎಂದ ತಮ್ಮ.

ಈಗ ಅವನು ಹಿತ್ತಿಲಲ್ಲಿ ಕೂತು ಬಟ್ಟಲು ಉಜ್ಜುತ್ತಾನೆ. ಮೊನ್ನೆ ಮಾತಾಡಿಸಲು ಹೋಗಿದ್ದೆ. ಒಂದು ಬಟ್ಟಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅಂಚಿಗೆ ಹೆಬ್ಬೆರಳು ತಾಗಿಸಿ ತಡೆದ. ಮತ್ತೊಮ್ಮೆ ತಟ್ಟಿದ.

‘ಬಿರುಕೇ?’ ಎಂದು ಸನ್ನೆ ಮಾಡಿದೆ. ಹೌದೆಂದು ತಲೆಯಾಡಿಸಿದ.

“ಮತ್ತೆ ಹೇಳಲ್ವಾ?”

“ಯಾರಿಗೆ?”

ಆ ಬಟ್ಟಲನ್ನು ಉಳಿದವುಗಳಿಗಿಂತ ಹೆಚ್ಚು ಹೊಳೆಯುವಂತೆ ಉಜ್ಜಿ, ಅಂಗಡಿಗೆ ಹೋಗುವ ರಾಶಿಯ ಮೇಲಿಟ್ಟ.